ಥೋರೊ ಬರೆಯದೆ ಬಿಟ್ಟ ವಾರ

ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೊ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ವಾಲ್ಡನ್ ಕೊಳ ನೆನಪಾಗುತ್ತದೆ. ಇಲ್ಲವೇ ಗಾಂಧೀಜಿ. ನನ್ನನ್ನು ಈಗೀಗ ಜಾಸ್ತಿ ಕಾಡುವುದು ಅವನ ಮೊದಲ ಪುಸ್ತಕ, 1849ರಲ್ಲಿ ಬಂದ ‘ಎ ವೀಕ್ ಆನ್ ದ ಕಾಂಕರ್ಡ್ ಅಂಡ್ ಮೆರಿಮ್ಯಾಕ್ ರಿವರ್ಸ್’. ಥೋರೊ ಮತ್ತು ಅವನ ಅಣ್ಣ ತಾವೇ ಕಟ್ಟಿದ ದೋಣಿಯಲ್ಲಿ ಊರಿನ ನದಿ ಕಾಂಕರ್ಡ್‌ನಿಂದ ಹೊರಟರು. ಕೆಳಗೆ ಹೋಗಿ ದೊಡ್ಡ ನದಿ ಮೆರಿಮ್ಯಾಕ್ ಸೇರಿದರು. ಅದರ ಹರಿವಿಗೆ ಎದುರಾಗಿ ಮೇಲಕ್ಕೆ ಹುಟ್ಟು ಹಾಕಿದರು. ದೋಣಿ ಮುಂದೆ ಹೋಗದ ಜಾಗದಲ್ಲಿ ಅದನ್ನು ಬಿಟ್ಟು, ನದಿ ಹುಟ್ಟುವ ಬೆಟ್ಟದ ಕಡೆಗೆ ನಡೆದರು. ಆಮೇಲೆ ವಾಪಸ್ ಬಂದರು. ಕಥೆ ಇಷ್ಟೇ. ಆದರೆ ಓದಿ ಮುಗಿಸಿದ ಮೇಲೆ ಎರಡು ವಿಷಯ ನನ್ನ ತಲೆಯಿಂದ ಹೋಗಲೇ ಇಲ್ಲ. ಪ್ರಯಾಣ ಎರಡು ವಾರದ್ದು, ಪುಸ್ತಕದಲ್ಲಿರುವುದು ಒಂದೇ ವಾರ. ಅವರು ನಡೆದ ದಿನಗಳೇ ಅದರಲ್ಲಿ ಇಲ್ಲ. ಇನ್ನೊಂದು, ಜೊತೆಗಿದ್ದ ಅಣ್ಣನ ಹೆಸರು. ಇಡೀ ಪುಸ್ತಕದಲ್ಲಿ ಒಂದು ಕಡೆಯೂ ಅದು ಬರುವುದಿಲ್ಲ.

ನಾನಿರುವ ಮನೆಯಿಂದ ಆ ನದಿ ದೂರವಿಲ್ಲ. ಮ್ಯಾಸಚೂಸೆಟ್ಸ್‌ನ ಲೋವೆಲ್, ಚೆಲ್ಮ್ಸ್‌ಫರ್ಡ್, ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನ ನ್ಯಾಶುವಾ ಕಡೆ ಇರುವ ಕನ್ನಡದವರೆಲ್ಲ ದಿನಾ ಕೆಲಸಕ್ಕೆ ಹೋಗುವಾಗ ಈ ಎರಡರಲ್ಲಿ ಒಂದು ನದಿಯನ್ನು ದಾಟುತ್ತಿರುತ್ತಾರೆ. ಹಾಗಾಗಿ ಈ ಪುಸ್ತಕ ನನಗೆ ದೂರದ ದೇಶದ ಸಾಹಿತ್ಯ ಅನ್ನಿಸುವುದಿಲ್ಲ. ವಾರಾಂತ್ಯದಲ್ಲಿ ನಾನು ನಡೆಯುವ ದಂಡೆ ಅದು. ನಡೆಯುತ್ತಾ ನಡೆಯುತ್ತಾ ಈ ಎರಡು ಪ್ರಶ್ನೆಗಳು ಒಂದೇ ಪ್ರಶ್ನೆ ಇರಬಹುದಾ ಅಂತ ಅನ್ನಿಸತೊಡಗಿತು. ಅದನ್ನೇ ಇಲ್ಲಿ ಬಿಡಿಸಿ ನೋಡುತ್ತೇನೆ.

ಯಾವ ಕಡೆ ಹರಿಯುತ್ತಿದೆ?

ಶಿವಮೊಗ್ಗದಿಂದ ಭಾವ ಬಂದಿದ್ದಾಗ ಅವರನ್ನು ಥೋರೊನ ಊರು ಕಾಂಕರ್ಡ್‌ನ ಓಲ್ಡ್ ನಾರ್ತ್ ಬ್ರಿಡ್ಜ್‌ಗೆ ಕರೆದುಕೊಂಡು ಹೋಗಿದ್ದೆ. 1775ರ ಏಪ್ರಿಲ್ 19ರಂದು ಇಂಗ್ಲಿಷರ ಸೈನ್ಯಕ್ಕೂ ಊರ ರೈತರಿಗೂ ಗುಂಡಿನ ಕಾಳಗ ನಡೆದ ಜಾಗ. ಎಲ್ಲರೂ ಅದಕ್ಕೇ ಅಲ್ಲಿಗೆ ಹೋಗುವುದು. ಭಾವ ಮಾತ್ರ ಸ್ಮಾರಕವನ್ನು ಒಮ್ಮೆ ನೋಡಿ, ಸೇತುವೆಯ ಮಧ್ಯೆ ನಿಂತು ನೀರನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಬಿಟ್ಟು, “ಇದು ಯಾವ ಕಡೆ ಹೋಗ್ತಾ ಇದೆ?” ಅಂತ ಕೇಳಿದರು. ನಾನು ಕೈ ತೋರಿಸಿದೆ. ಅವರಿಗೆ ನಂಬಿಕೆ ಬರಲಿಲ್ಲ. ಒಂದು ಎಲೆ ಕಿತ್ತು ನೀರಿಗೆ ಹಾಕಿದರು. ಗಾಳಿಗೆ ಅದು ಮೇಲ್ಗಡೆಗೇ ಹೋಯಿತು. “ಗಾಜನೂರಿನ ಕಾಲುವೆ ಇದಕ್ಕಿಂತ ಜೋರಾಗಿ ಹರಿಯುತ್ತೆ ಕಣೋ” ಅಂದರು. ತುಂಗೆಯ ದಂಡೆಯಲ್ಲಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ಮಳೆಗಾಲದ ತುಂಗೆ ಯಾವ ಕಡೆ ಹೋಗುತ್ತಾಳೆ ಅಂತ ಯಾರೂ ಕೇಳಬೇಕಾಗಿಲ್ಲ.

ಈ ಗೊಂದಲ ಭಾವನಿಗೊಬ್ಬರಿಗೇ ಅಲ್ಲ. ಆ ಸೇತುವೆಯ ಪಕ್ಕದಲ್ಲೇ ಇರುವ ‘ಓಲ್ಡ್ ಮ್ಯಾನ್ಸ್’ ಮನೆಯಲ್ಲಿ 1842ರಿಂದ ಕೆಲವು ವರ್ಷ ಕಥೆಗಾರ ನಥಾನಿಯಲ್ ಹಾಥಾರ್ನ್ ಬಾಡಿಗೆಗಿದ್ದ. ನದಿಯ ಪಕ್ಕ ಮೂರು ವಾರ ಇದ್ದ ಮೇಲೆಯೇ ಅದು ಯಾವ ಕಡೆ ಹರಿಯುತ್ತದೆ ಅಂತ ತನಗೆ ಖಚಿತವಾದದ್ದು ಎಂದು ಅವನು ಬರೆದಿದ್ದಾನೆ. ಥೋರೊ ಕೂಡ ಊರಿನವರು ಹೇಳುವ ಒಂದು ಮಾತು ದಾಖಲಿಸುತ್ತಾನೆ: ಊರ ಎಲ್ಲೆಯೊಳಗೆ ಈ ನದಿಯಲ್ಲಿ ಕೊಚ್ಚಿಹೋದ ಒಂದೇ ಒಂದು ಸೇತುವೆಯನ್ನು ಮೇಲ್ಗಡೆಗೆ ತಳ್ಳಿಕೊಂಡು ಹೋದದ್ದು ಗಾಳಿಯಂತೆ. ಸಡ್ಬರಿ, ಅಸಾಬೆಟ್ ಎಂಬ ಎರಡು ಹೊಳೆಗಳು ಕಾಂಕರ್ಡ್ ಊರಿನಲ್ಲಿ ಎಗ್ ರಾಕ್ ಎಂಬ ಬಂಡೆಯ ಬುಡದಲ್ಲಿ ಸೇರಿ ಈ ನದಿಯಾಗುತ್ತವೆ. ಅಲ್ಲಿಂದ ಉತ್ತರಕ್ಕೆ ಸುಮಾರು 16 ಮೈಲಿ ಹರಿದು ಲೋವೆಲ್‌ನಲ್ಲಿ ಮೆರಿಮ್ಯಾಕ್ ಸೇರುತ್ತದೆ. ಎರಡೂ ಬದಿ ಹುಲ್ಲುಗಾವಲು, ಜವುಗು, ನೀರಂಚಿನಲ್ಲಿ ಜೊಂಡು. ಇಷ್ಟು ಸಣ್ಣ ನದಿಯನ್ನು ಒಬ್ಬ ಮನುಷ್ಯ ಜೀವನಪೂರ್ತಿ ಬಿಡದೆ ನೋಡಿದ.

ಆಲೂಗಡ್ಡೆ, ಕಲ್ಲಂಗಡಿ ತುಂಬಿದ ದೋಣಿ

1839ರ ಆಗಸ್ಟ್ 31, ಶನಿವಾರ. ಹೆನ್ರಿಗೆ 22 ವರ್ಷ, ಅಣ್ಣ ಜಾನ್‌ಗೆ 24. ಇಬ್ಬರೂ ಸೇರಿ ಊರಲ್ಲಿ ಒಂದು ಶಾಲೆ ನಡೆಸುತ್ತಿದ್ದರು. ಮಕ್ಕಳನ್ನು ಹೊಡೆಯದ ಶಾಲೆ. ಪಾಠದ ನಡುವೆ ಹೊಲಕ್ಕೆ, ಕಾಡಿಗೆ, ನದಿಗೆ ಕರೆದುಕೊಂಡು ಹೋಗುತ್ತಿದ್ದ ಶಾಲೆ. ಬೆಳಗ್ಗೆ ತುಂತುರು ಮಳೆ ಇದ್ದದ್ದರಿಂದ ಹೊರಡುವುದು ಮಧ್ಯಾಹ್ನ ಆಯಿತು. ದೋಣಿಯನ್ನು ಆ ವಸಂತದಲ್ಲಿ ತಾವೇ ಕಟ್ಟಿದ್ದರು. 15 ಅಡಿ ಉದ್ದ, ಅಗಲವಾದ ಜಾಗದಲ್ಲಿ ಮೂರೂವರೆ ಅಡಿ. ಕೆಳಗೆ ಹಸಿರು ಬಣ್ಣ, ಮೇಲಂಚಿಗೆ ನೀಲಿ. ಜಲಪಾತ ಬಂದ ಕಡೆ ನೆಲದ ಮೇಲೆ ಉರುಳಿಸಿಕೊಂಡು ಹೋಗಲು ಚಕ್ರ. ಹಾಯಿ ಕಟ್ಟಲು ಎರಡು ಕಂಬ, ರಾತ್ರಿ ಅದರಲ್ಲೊಂದು ಗುಡಾರದ ಕಂಬ. ಹಾಸಿಕೊಳ್ಳಲು ಕಾಡುಕೋಣದ ಚರ್ಮ. ಊಟಕ್ಕೆ ತಾವೇ ಬೆಳೆದ ಆಲೂಗಡ್ಡೆ ಮತ್ತು ಕಲ್ಲಂಗಡಿ. ದೋಣಿಗೆ ಇಟ್ಟ ಹೆಸರು ಮಸ್ಕೆಟಕ್ವಿಡ್. ಬಿಳಿಯರು ಬರುವ ಮುಂಚೆ ಅಲ್ಲಿ ಇದ್ದವರು ನದಿಗೆ ಇಟ್ಟಿದ್ದ ಹೆಸರು ಅದು.

ಯುದ್ಧ ನಡೆದ ಸೇತುವೆಯ ಜಾಗದಲ್ಲೇ ದೋಣಿ ಹೋಯಿತು. ಆದರೆ ಆಗ ಅಲ್ಲಿ ಸೇತುವೆಯೇ ಇರಲಿಲ್ಲ. ಹಳೆಯದನ್ನು ಎಂದೋ ತೆಗೆದಿದ್ದರು, ಹೊಸದನ್ನು ಕಟ್ಟಿದ್ದು 1870ರ ದಶಕದಲ್ಲಿ. ಮೂರು ವರ್ಷದ ಹಿಂದೆ ನಿಲ್ಲಿಸಿದ ಒಂದು ಕಲ್ಲುಕಂಬ ಮಾತ್ರ ಇತ್ತು. ಮೊದಲ ರಾತ್ರಿ ಬಿಲ್ರಿಕಾದಲ್ಲಿ ಗುಡಾರ. ಮರುದಿನ ಭಾನುವಾರ, ಮಿಡಲ್‌ಸೆಕ್ಸ್ ಕಾಲುವೆ ಹಿಡಿದು ಮೆರಿಮ್ಯಾಕ್‌ಗೆ. ಚರ್ಚಿನಿಂದ ಹೊರಬಂದ ಜನ, ದೇವರ ದಿನ ದೋಣಿ ನಡೆಸುವ ಈ ಇಬ್ಬರನ್ನು ಸೇತುವೆ ಮೇಲಿಂದ ನೋಡುತ್ತಾ ನಿಂತಿದ್ದರು. ಆಮೇಲೆ ಮೆರಿಮ್ಯಾಕ್‌ನಲ್ಲಿ ಮೇಲ್ಮುಖವಾಗಿ ಟಿಂಗ್ಸ್‌ಬರೋ, ನ್ಯಾಶುವಾ, ಮ್ಯಾಂಚೆಸ್ಟರ್. ಬಟ್ಟೆ ಗಿರಣಿಗಳು ಆಗ ಆ ನದಿಯ ಒಂದೊಂದೇ ಜಲಪಾತವನ್ನು ಹಿಡಿದುಕೊಳ್ಳುತ್ತಿದ್ದ ಕಾಲ.

ಇಬ್ಬರೂ ಎಲೆನ್ ಸೂಅಲ್ ಎಂಬ ಒಬ್ಬಳೇ ಹುಡುಗಿಯನ್ನು ಇಷ್ಟಪಟ್ಟಿದ್ದರು, ಮರುವರ್ಷ ಒಬ್ಬರಾದ ಮೇಲೆ ಒಬ್ಬರು ಮದುವೆಯ ಮಾತು ಎತ್ತಿದರು, ಇಬ್ಬರಿಗೂ ಅದು ಕೂಡಿಬರಲಿಲ್ಲ. ಇದನ್ನು ಹಿಡಿದುಕೊಂಡು ತುಂಬ ಜನ ತುಂಬ ಬರೆದಿದ್ದಾರೆ. ನನಗೆ ಅದರಲ್ಲಿ ಹೆಚ್ಚು ಹುಡುಕಬೇಕು ಅನ್ನಿಸಿಲ್ಲ. ದೋಣಿಯೊಳಗೆ ಒಬ್ಬರಿಗೊಬ್ಬರು ಎದುರು ಕೂತು ಹುಟ್ಟು ಹಾಕಿದ ಆ ದಿನಗಳೇ ನನಗೆ ಮುಖ್ಯ.

ಗುರುವಾರದಿಂದ ಗುರುವಾರಕ್ಕೆ

ಪುಸ್ತಕದ ಅಧ್ಯಾಯಗಳಿಗೆ ವಾರದ ಹೆಸರು. ಶನಿವಾರ, ಭಾನುವಾರ, ಹೀಗೆ ಶುಕ್ರವಾರದವರೆಗೆ. ಗುರುವಾರ ಬೆಳಗ್ಗೆ ಮಳೆ. ಹುಕ್ಸೆಟ್ ಹತ್ತಿರ ದೋಣಿ ಬಿಟ್ಟು ಇಬ್ಬರೂ ಹೊರಡುತ್ತಾರೆ. ನ್ಯೂ ಹ್ಯಾಂಪ್‌ಶೈರ್‌ನ ಕಾಂಕರ್ಡ್ (ಅದೇ ಹೆಸರಿನ ಬೇರೆ ಊರು), ಅಲ್ಲಿಂದ ಪ್ಲಿಮತ್, ಪೆಮಿಜೆವಾಸೆಟ್ ಹೊಳೆಯ ದಂಡೆ, ಫ್ರಾಂಕೋನಿಯಾ ಕಣಿವೆ. ಸ್ವಲ್ಪ ದೂರ ಕುದುರೆಗಾಡಿ, ಉಳಿದದ್ದು ನಡಿಗೆ. ನದಿ ಕಿರಿದಾಗುತ್ತಾ ಹೊಳೆಯಾಗಿ, ಹೊಳೆ ಹಳ್ಳವಾಗಿ, ಹಳ್ಳ ಕಲ್ಲಿನ ಸಂದಿಯ ನೀರಾಗುವುದನ್ನು ಕಣ್ಣಾರೆ ನೋಡುತ್ತಾ ನಡೆದದ್ದು. ಸೆಪ್ಟೆಂಬರ್ 10ರಂದು ಮೌಂಟ್ ವಾಷಿಂಗ್ಟನ್ ಹತ್ತಿದರು. ಆ ಸೀಮೆಯಲ್ಲಿ ಅದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಮಲೆನಾಡಿನಲ್ಲಿ ಬೆಳೆದ ಯಾರಿಗಾದರೂ ಇದು ಪ್ರಯಾಣದ ಅತಿ ಸೊಗಸಾದ ಭಾಗ. ಗಂಗಾಮೂಲದವರೆಗೆ ತುಂಗೆಯನ್ನು ಹಿಂಬಾಲಿಸಿ ನಡೆದ ಹಾಗೆ.

ಇದಕ್ಕೆ ಥೋರೊ ಕೊಟ್ಟ ಜಾಗ ಎಷ್ಟು? ಹೆಚ್ಚುಕಮ್ಮಿ ಒಂದು ಪ್ಯಾರಾ. ಊರು, ಹೊಳೆಗಳ ಹೆಸರು ಸಾಲಾಗಿ ಹೇಳಿ, ಬೆಟ್ಟದ ಹಳೆಯ ಹೆಸರು ಅಜಿಯೊಕೊಚೂಕ್ ಎಂದು ಬರೆದು, ತುದಿ ಮುಟ್ಟಿದೆವು ಅನ್ನುತ್ತಾನೆ. ಮುಗಿಯಿತು. ತುದಿಯಿಂದ ಏನು ಕಾಣಿಸಿತು, ಅಣ್ಣ ಏನಂದ, ಗಾಳಿ ಹೇಗಿತ್ತು, ಒಂದೂ ಇಲ್ಲ. ಸ್ವಲ್ಪ ಮುಂದಕ್ಕೆ ಓದಿದರೆ ಮತ್ತೆ ಹುಕ್ಸೆಟ್, ಮತ್ತೆ ದೋಣಿ. ಒಂದು ಗುರುವಾರ ಹೊರಟವರು ಮುಂದಿನ ಗುರುವಾರ ವಾಪಸ್ ಬಂದಿದ್ದಾರೆ, ಪುಸ್ತಕದಲ್ಲಿ ಅದು ಒಂದೇ ಗುರುವಾರ. ಬರೆಯಲು ಬಾರದವನೇನಲ್ಲ. ಇದೇ ಪುಸ್ತಕದ ಮಂಗಳವಾರದಲ್ಲಿ, ಮುಂದೆ 1844ರಲ್ಲಿ ಬೇರೆ ರಾಜ್ಯದ ಬೇರೆ ಬೆಟ್ಟವೊಂದನ್ನು ಒಬ್ಬನೇ ಹತ್ತಿ, ರಾತ್ರಿ ತುದಿಯಲ್ಲೇ ಮಲಗಿ, ಬೆಳಗ್ಗೆ ಎದ್ದಾಗ ಸುತ್ತಲೂ ಮೋಡದ ಸಮುದ್ರ ಕಂಡದ್ದನ್ನು ಪುಟಗಟ್ಟಲೆ ಬರೆಯುತ್ತಾನೆ. ಒಬ್ಬನೇ ಹತ್ತಿದ ಬೆಟ್ಟಕ್ಕೆ ಪುಟಗಳು. ಅಣ್ಣನ ಜೊತೆ ಹತ್ತಿದ ಬೆಟ್ಟಕ್ಕೆ ಒಂದು ಸಾಲು.

ಪ್ರಯಾಣ ಒಂದೇ ವಾರದ ಚೌಕಟ್ಟಿನಲ್ಲಿ ಕೂರಲಿ, ನದಿಯ ಪುಸ್ತಕ ನದಿಯ ಮೇಲೇ ಇರಲಿ ಅಂತ ಹಾಗೆ ಮಾಡಿದ ಎನ್ನುವುದು ಸಾಮಾನ್ಯವಾಗಿ ಕೊಡುವ ಕಾರಣ. ಅದು ಸರಿಯೂ ಹೌದು. ಆದರೆ ಅಷ್ಟಕ್ಕೇ ನಿಲ್ಲಲು ನನಗೆ ಮನಸ್ಸಾಗುವುದಿಲ್ಲ. ಯಾಕೆಂದರೆ ಪುಸ್ತಕ ಬರೆಯುವ ಹೊತ್ತಿಗೆ ಜಾನ್ ಇರಲಿಲ್ಲ.

ಜನವರಿ 1842

ಜಾನ್ ಹೇಗಿದ್ದ ಅಂತ ತಿಳಿಯಲು ಪುಸ್ತಕದ ಆಚೆ ಹೋಗಬೇಕು. ಹೆನ್ರಿಯಷ್ಟು ಬಿಗಿಯಲ್ಲ, ಎಲ್ಲರೊಂದಿಗೆ ಬೆರೆಯುವವನು. ಹಕ್ಕಿಗಳೆಂದರೆ ಪ್ರಾಣ. ಅದೇ ಊರಿನಲ್ಲಿದ್ದ ಲೇಖಕ, ಚಿಂತಕ ಎಮರ್ಸನ್‌ರ ಕೊಟ್ಟಿಗೆಗೆ ನೀಲಿಹಕ್ಕಿಗಳು ಬಂದು ಇರಲಿ ಎಂದು ಒಂದು ಮರದ ಗೂಡು ಮಾಡಿಕೊಟ್ಟಿದ್ದ. ಎಮರ್ಸನ್‌ರ ಪುಟ್ಟ ಮಗ ವಾಲ್ಡೊನನ್ನು ಕರೆದುಕೊಂಡು ಹೋಗಿ ಅವನ ಫೋಟೊ ತೆಗೆಸಿದ್ದೂ ಜಾನ್‌ನೇ. ಹೆನ್ರಿ ತನ್ನ ದಿನಚರಿಯಲ್ಲಿ 1837ರ ಒಂದು ಸಂಜೆಯನ್ನು ಬರೆದಿಟ್ಟಿದ್ದಾನೆ. ಅಣ್ಣ ತಮ್ಮ ಇಬ್ಬರೂ ನದಿಯ ಬದಿ ಹಳೆಯ ಕಾಲದ ಮೂಲನಿವಾಸಿಗಳ ಕಲ್ಲಿನ ಬಾಣದ ಮೊನೆಗಳನ್ನು ಹುಡುಕಿ ಬರುತ್ತಿದ್ದಾರೆ. ಹೆನ್ರಿ ನಾಟಕದವರ ಹಾಗೆ ಕೈ ಎತ್ತಿ, ಇಲ್ಲಿ ನಿಂತಿದ್ದ ತಹಟಾವನ್ ದೊರೆ, ಅಲ್ಲಿದೆ ನೋಡು ಅವನ ಬಾಣ ಎಂದು ಸುಮ್ನೆ ನೆಲದ ಕಡೆ ತೋರಿಸುತ್ತಾನೆ. ಬಗ್ಗಿ ಎತ್ತಿದ ಕಲ್ಲು ನಿಜವಾಗಿಯೂ ಬಾಣದ ಮೊನೆ, ಆಗತಾನೆ ಮಾಡಿಟ್ಟಷ್ಟು ಚೂಪು. ಆ ಸಂಜೆಯ ಖುಷಿ ಓದುವಾಗ ನಮಗೂ ತಾಗುತ್ತದೆ.

1842ರ ಜನವರಿ ಒಂದರಂದು ಜಾನ್ ಕ್ಷೌರದ ಕತ್ತಿ ಮಸೆಯುವಾಗ ಬೆರಳ ತುದಿ ಕುಯ್ದುಕೊಂಡ. ಸಣ್ಣ ಗಾಯ. ಬಟ್ಟೆ ಸುತ್ತಿ ಮರೆತುಬಿಟ್ಟ. ವಾರ ಕಳೆಯುವಷ್ಟರಲ್ಲಿ ದವಡೆ ಬಿಗಿಯತೊಡಗಿತು. ಧನುರ್ವಾಯು. ಆ ಕಾಲದಲ್ಲಿ ಅದಕ್ಕೆ ಔಷಧಿ ಇರಲಿಲ್ಲ. ಬಾಸ್ಟನ್‌ನಿಂದ ಬಂದ ವೈದ್ಯರೂ ಏನೂ ಮಾಡಲಾಗದು ಅಂದರು. ಜನವರಿ 11ರಂದು ತಮ್ಮನ ತೋಳಿನಲ್ಲೇ ಪ್ರಾಣ ಹೋಯಿತು. ಹತ್ತು ಹನ್ನೊಂದು ದಿನ ಕಳೆದ ಮೇಲೆ ಹೆನ್ರಿಗೂ ಅದೇ ಲಕ್ಷಣಗಳು ಕಾಣಿಸಿಕೊಂಡವು. ಮೈಯಲ್ಲಿ ಎಲ್ಲೂ ಗಾಯವಿಲ್ಲ, ಆದರೂ ದವಡೆ ಬಿಗಿಯಿತು. ಮನೆಯವರು ಇವನೂ ಹೋದ ಅಂದುಕೊಂಡರು. ಆ ತಿಂಗಳು ಮುಗಿಯುವ ಮುಂಚೆ, 27ರಂದು, ಎಮರ್ಸನ್‌ರ ಆ ಮಗು ಜ್ವರದಿಂದ ತೀರಿಹೋಯಿತು. ಐದು ವರ್ಷದ ಕೂಸು. ಅದೇ ವರ್ಷ ಹೆನ್ರಿ ದೋಣಿಯನ್ನು ಹಾಥಾರ್ನ್‌ಗೆ ಏಳು ಡಾಲರಿಗೆ ಮಾರಿದ. ಹಾಥಾರ್ನ್ ಅದರ ಹೆಸರು ಬದಲಾಯಿಸಿ ಪಾಂಡ್ ಲಿಲಿ ಎಂದಿಟ್ಟ. ದೋಣಿ ಮಾರಿದ್ದು ಓದಿದಾಗ ನನಗೆ ಸಂಕಟವಾಯಿತು. ಆದರೆ ಇಬ್ಬರು ಕೂರಬೇಕಾದ ದೋಣಿಯನ್ನು ದಿನಾ ದಂಡೆಯಲ್ಲಿ ನೋಡುತ್ತಾ ಇರುವುದಾದರೂ ಹೇಗೆ, ಅಲ್ವಾ?

ಇಲ್ಲಿ ನಮ್ಮ ಮನೆಯ ಒಂದು ನೆನಪು ಹೇಳಬೇಕು. ನಮ್ಮ ಚಿಕ್ಕಪ್ಪ ಒಬ್ಬರು ನಾನು ಹುಟ್ಟುವ ಮುಂಚೆಯೇ ಜ್ವರ ಬಂದು ಹೋಗಿದ್ದರು. ಅಪ್ಪನಿಗಿಂತ ಸ್ವಲ್ಪ ಚಿಕ್ಕವರು. ಮನೆಯಲ್ಲಿ ಅಪ್ಪ ಅವರ ಹೆಸರು ಎತ್ತುತ್ತಲೇ ಇರಲಿಲ್ಲ. ಗೋಡೆಯಲ್ಲಿ ಫೋಟೊ ಇರಲಿಲ್ಲ. ಯಾರಾದರೂ ನೆಂಟರು ಮಾತಿನ ಮಧ್ಯೆ ಹೇಳಿದರೆ ಅಪ್ಪ ಎದ್ದು ತೋಟದ ಕಡೆ ಹೋಗುತ್ತಿದ್ದರು. ‘ಅದೆಲ್ಲ ಕೇಳಬೇಡ’ ಅಂತ ಅಮ್ಮ ನಮಗೆ ಮೊದಲೇ ಹೇಳಿಟ್ಟಿದ್ದರು. ಆದರೆ ಪಿತೃಪಕ್ಷದಲ್ಲಿ ಅಪ್ಪ ತೀರ್ಥಹಳ್ಳಿಯಲ್ಲಿ ತುಂಗೆಯ ದಂಡೆಗೆ ತರ್ಪಣ ಬಿಡಲು ಹೋಗುವಾಗ ನಾನೂ ಹಿಂದೆ ಹೋಗುತ್ತಿದ್ದೆ. ಭಾದ್ರಪದದ ನದಿ, ಇನ್ನೂ ಕೆಂಪು ನೀರು, ಎಳ್ಳಮಾವಾಸ್ಯೆ ಜಾತ್ರೆಗೆ ಜನ ನಿಲ್ಲುವ ಬಂಡೆಗಳೆಲ್ಲ ಮುಳುಗಿರುತ್ತಿದ್ದವು. ಬೆರಳಲ್ಲಿ ದರ್ಭೆಯ ಪವಿತ್ರ, ಅಂಗೈಯಲ್ಲಿ ಎಳ್ಳು. ತಂದೆ, ತಾತ, ಮುತ್ತಾತ, ತಾಯಿಯ ಕಡೆಯವರು, ಹೀಗೆ ಒಂದೊಂದೇ ಹೆಸರು. ಕೊನೆಕೊನೆಗೆ ತಮ್ಮನ ಹೆಸರು. ಗೋತ್ರ ಸಹಿತ, ಗಟ್ಟಿಯಾಗಿ, ಮೂರು ಸಲ, ಮೂರು ಸಲವೂ ನೀರು. ಚಿಕ್ಕಪ್ಪನ ಹೆಸರನ್ನು ನಾನು ಅಪ್ಪನ ಬಾಯಲ್ಲಿ ಕೇಳಿದ್ದು ನದಿಯ ಎದುರು ಮಾತ್ರ. ದಾರಿಯಲ್ಲಿ ವಾಪಸ್ ಬರುವಾಗ ಮತ್ತೆ ಮೌನ.

ಥೋರೊ ಮಾಡಿದ್ದು ಇದಕ್ಕೆ ಪೂರಾ ಉಲ್ಟಾ ಅಂತ ಮೊದಲು ಅನ್ನಿಸಿತ್ತು. ನದಿ ಇದೆ, ನೀರು ಇದೆ, ಹೆಸರಿಲ್ಲ. ಪುಸ್ತಕದ ಮೊದಲ ಪುಟದ ಪದ್ಯದಲ್ಲಿ ‘ನನ್ನ ಅಣ್ಣ’ ಅಂತ ಒಂದೇ ಒಂದು ಕರೆ ಇದೆ. ನೀನು ಈಗ ಎಲ್ಲಿ ಸಾಗುತ್ತಿದ್ದರೂ ನನಗೆ ಸ್ಫೂರ್ತಿಯಾಗು ಎಂಬ ಪ್ರಾರ್ಥನೆ ಅದು. ಆಮೇಲೆ ಉದ್ದಕ್ಕೂ ‘ನಾವು’. ನಾವು ಹುಟ್ಟು ಹಾಕಿದೆವು, ನಾವು ಗುಡಾರ ಹಾಕಿದೆವು, ನಾವು ನಕ್ಷತ್ರ ನೋಡಿದೆವು. ಕೆಲವು ಕಡೆ ‘ನಮ್ಮಲ್ಲಿ ಒಬ್ಬರು’. ಆದರೆ ಮತ್ತೆ ಮತ್ತೆ ಓದುತ್ತಾ ಹೋದ ಹಾಗೆ ಆ ‘ನಾವು’ ಒಂದು ಕೆಲಸ ಮಾಡುತ್ತಿದೆ ಅಂತ ಗೊತ್ತಾಯಿತು. ಹೆಸರು ಹೇಳಿದ ತಕ್ಷಣ ಅಣ್ಣ ಬೇರೆ, ನಾನು ಬೇರೆ ಆಗುತ್ತಾರೆ. ಒಬ್ಬ ಹೋದವನು, ಇನ್ನೊಬ್ಬ ಉಳಿದವನು. ‘ನಾವು’ ಅಂದಷ್ಟು ಹೊತ್ತು ಇಬ್ಬರೂ ದೋಣಿಯಲ್ಲಿದ್ದಾರೆ. ಬೆಟ್ಟವನ್ನು ಬರೆಯದೆ ಬಿಟ್ಟದ್ದಕ್ಕೂ ನನಗೆ ಇದೇ ಕಾರಣ ಕಾಣುತ್ತದೆ. ನಡೆಯುವಾಗ ಒಬ್ಬ ಮುಂದೆ, ಒಬ್ಬ ಹಿಂದೆ. ಬೆಟ್ಟದ ತುದಿ ಮುಟ್ಟಿದರೆ ಇಳಿಯಲೇಬೇಕು. ದೋಣಿಯಲ್ಲಿ ಹಾಗಲ್ಲ, ಇಬ್ಬರೂ ಒಂದೇ ಹಲಗೆಯ ಮೇಲೆ ಒಂದೇ ನೀರಿನಲ್ಲಿ ಇರುತ್ತಾರೆ. ಇದು ನನ್ನ ಓದು. ಅವನು ಹಾಗಂತ ಎಲ್ಲೂ ಹೇಳಿಲ್ಲ.

ಅರ್ಜುನನ ಪಕ್ಷ

ಥೋರೊ 1845ರ ಜುಲೈ 4ರಂದು ವಾಲ್ಡನ್ ಕೊಳದ ದಂಡೆಯ ಗುಡಿಸಲಿಗೆ ಒಬ್ಬನೇ ಇರಲು ಹೋದದ್ದು ಎಲ್ಲರಿಗೂ ಗೊತ್ತು. ಯಾಕೆ ಹೋದ ಎನ್ನುವುದಕ್ಕೆ ಅವನೇ ದೊಡ್ಡ ಮಾತುಗಳಲ್ಲಿ ಉತ್ತರ ಕೊಟ್ಟಿದ್ದಾನೆ. ಆದರೆ ಅಲ್ಲಿ ಮೇಜಿನ ಮುಂದೆ ಕೂತು ಅವನು ಬರೆದದ್ದು ಮುಖ್ಯವಾಗಿ ಈ ನದಿಯ ಪುಸ್ತಕವನ್ನೇ. ಆ ಗುಡಿಸಲಲ್ಲಿ ಅವನ ಜೊತೆಗಿದ್ದದ್ದು ಅಣ್ಣ. ಏಕಾಂತದ ಗುಡಿಸಲು ಅಂತ ಕೇಳಿದಾಗಲೆಲ್ಲ ನನಗೆ ಈಗ ಇದೇ ನೆನಪಾಗುತ್ತದೆ.

ಪುಸ್ತಕ ಓದಲು ಸುಲಭವಲ್ಲ. ನದಿ ಸ್ವಲ್ಪ, ವಿಚಾರ ಜಾಸ್ತಿ. ಹೋಮರ್, ಚಾಸರ್, ಸ್ನೇಹ, ಕ್ರೈಸ್ತ ಧರ್ಮ, ಮನುಸ್ಮೃತಿ, ಎಲ್ಲ ಬರುತ್ತದೆ. ಆಗಿನ ವಿಮರ್ಶಕ ಜೇಮ್ಸ್ ರಸೆಲ್ ಲೋವೆಲ್, ನಮ್ಮನ್ನು ಕರೆದದ್ದು ನದಿ ವಿಹಾರಕ್ಕೆ, ಉಪದೇಶ ಕೇಳುವುದಕ್ಕಲ್ಲ ಅಂತ ಬರೆದ. ಕೆಲವು ಭಾಗ ನಾನೂ ಹಾರಿಸಿ ಓದುತ್ತೇನೆ. ಆದರೆ ಸೋಮವಾರದ ಅಧ್ಯಾಯದಲ್ಲಿ ಭಗವದ್ಗೀತೆಯ ಮಾತು ಬಂದಾಗ ನಿಂತುಬಿಟ್ಟೆ. 1785ರಲ್ಲಿ ಬಂದ ಚಾರ್ಲ್ಸ್ ವಿಲ್ಕಿನ್ಸ್‌ನ ಇಂಗ್ಲಿಷ್ ಅನುವಾದವನ್ನು ಥೋರೊ ಓದಿದ್ದ. ತುಂಬ ಮೆಚ್ಚಿದ್ದ. ಗೀತೆಯನ್ನು ಹೊಗಳುವ ಅಮೆರಿಕನ್ನರ ಪಟ್ಟಿಯಲ್ಲಿ ಅವನ ಹೆಸರನ್ನು ನಾವು ಖುಷಿಯಿಂದ ಸೇರಿಸುತ್ತೇವೆ. ಆದರೆ ಅದೇ ಅಧ್ಯಾಯದಲ್ಲಿ ಅವನು ಕೃಷ್ಣನ ವಾದವನ್ನು ಒಪ್ಪುವುದಿಲ್ಲ. ಅರ್ಜುನ ಯಾಕೆ ಯುದ್ಧ ಮಾಡಬೇಕು ಎನ್ನುವುದಕ್ಕೆ ಸಾಕಷ್ಟು ಕಾರಣ ಕೊಟ್ಟಿಲ್ಲ ಅನ್ನುತ್ತಾನೆ. ಅರ್ಜುನನಿಗೆ ಒಪ್ಪಿಗೆ ಆಗಿರಬಹುದು, ಓದುಗನಿಗೆ ಆಗುವುದಿಲ್ಲ ಎಂಬ ಧಾಟಿ. ಇದನ್ನು ಅವನ ಯುದ್ಧವಿರೋಧಿ ರಾಜಕೀಯಕ್ಕೆ ಸೇರಿಸಿ ಓದಬಹುದು. ನಾನು ಅದನ್ನು ಇನ್ನೊಂದು ಕಡೆಯಿಂದ ಓದುತ್ತೇನೆ. ಎದುರಿಗೆ ನಿಂತವರು ಅಣ್ಣತಮ್ಮಂದಿರು ಎಂದು ಅರ್ಜುನ ಬಿಲ್ಲು ಕೆಳಗಿಟ್ಟ. ಸತ್ತವರಿಗಾಗಿ, ಬದುಕಿರುವವರಿಗಾಗಿ ತಿಳಿದವರು ಅಳುವುದಿಲ್ಲ ಅಂತ ಕೃಷ್ಣ ಹೇಳಿದ. ಅಣ್ಣ ತೋಳಿನಲ್ಲಿ ಸತ್ತದ್ದನ್ನು ಕಂಡವನು ಈ ಮಾತಿಗೆ ಸುಲಭವಾಗಿ ಹೂಂ ಅನ್ನುವುದು ಹೇಗೆ? ತರ್ಕ ಎಷ್ಟೇ ದೊಡ್ಡದಿರಲಿ, ಅವನ ಮನಸ್ಸು ರಥದಲ್ಲಿ ಕುಸಿದು ಕೂತವನ ಪಕ್ಕಕ್ಕೆ ಹೋಯಿತು ಅಂತ ನನಗೆ ಅನ್ನಿಸುತ್ತದೆ.

ಪುಸ್ತಕ ಸೋತದ್ದನ್ನು ಚುಟುಕಾಗಿ ಹೇಳುತ್ತೇನೆ. ಅಚ್ಚಾದದ್ದು 1000 ಪ್ರತಿ, ನಷ್ಟ ಲೇಖಕನದೇ ಎಂಬ ಕರಾರು. ನಾಲ್ಕು ವರ್ಷದ ಮೇಲೆ ಮಾರಾಟವಾಗದ 706 ಪ್ರತಿ ಮನೆಗೆ ಬಂದವು. ಅವನೇ ಬೆನ್ನ ಮೇಲೆ ಹೊತ್ತು ಎರಡು ಅಂತಸ್ತು ಹತ್ತಿಸಿದ. ಪ್ರಕಾಶಕರಿಗೆ ಕೈಯಿಂದ 290 ಡಾಲರ್ ಕಟ್ಟಿ ತೀರಿಸಿದ.

ಮೀನಿಗಾಗಿ ಒಂದು ಹಾರೆ

ಶನಿವಾರದ ಅಧ್ಯಾಯದಲ್ಲಿ ಮೀನುಗಳದ್ದೊಂದು ದೊಡ್ಡ ಭಾಗ ಇದೆ. ಪುಸ್ತಕದಲ್ಲಿ ನನಗೆ ಅತಿ ಹತ್ತಿರವಾದದ್ದು ಅದೇ. ಸಾಲ್ಮನ್, ಶ್ಯಾಡ್, ಏಲ್‌ವೈಫ್ ಮೀನುಗಳು ಸಮುದ್ರದಲ್ಲಿ ಬೆಳೆದು, ಮೊಟ್ಟೆ ಇಡಲು ವಸಂತದಲ್ಲಿ ನದಿ ಹತ್ತಿ ಬರುತ್ತವೆ. ಕಾಂಕರ್ಡ್ ನದಿಗೂ ಬರುತ್ತಿದ್ದವು. ಬಿಲ್ರಿಕಾದ ಅಣೆಕಟ್ಟು, ಕಾಲುವೆ, ಲೋವೆಲ್‌ನ ಗಿರಣಿಗಳು ಬಂದ ಮೇಲೆ ಅವುಗಳ ದಾರಿ ನಿಂತಿತು. ಆದರೂ ಮೀನು ಪ್ರತಿ ವರ್ಷ ಬಂದು ಗೋಡೆಯ ಹತ್ತಿರ ಕಾಯುತ್ತದೆ ಅಂತ ಥೋರೊ ಬರೆಯುತ್ತಾನೆ. ನಿನಗೆ ನ್ಯಾಯ ಎಲ್ಲಿ ಸಿಗುತ್ತದೆ ಎಂದು ಶ್ಯಾಡ್ ಮೀನನ್ನೇ ಕೇಳುತ್ತಾನೆ. ನಾನಂತೂ ನಿನ್ನ ಕಡೆ, ಆ ಬಿಲ್ರಿಕಾ ಅಣೆಕಟ್ಟಿಗೆ ಒಂದು ಹಾರೆ ಏನು ಮಾಡಬಲ್ಲದೋ ಯಾರಿಗೆ ಗೊತ್ತು ಅನ್ನುತ್ತಾನೆ. ಶೃಂಗೇರಿಯಲ್ಲಿ ವಿದ್ಯಾಶಂಕರ ದೇವಸ್ಥಾನದ ಕೆಳಗೆ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕಿ ಬೆಳೆದವರಿಗೆ, ಮೀನನ್ನು ಮಾತಾಡಿಸುವುದು ವಿಚಿತ್ರ ಅನ್ನಿಸುವುದಿಲ್ಲ. ಆ ಮೀನುಗಳಿಗೆ ನಾವೂ ಹೆಸರಿಟ್ಟು ಕರೆಯುತ್ತಿದ್ದೆವು.

ಹಾರೆಯ ಮಾತನ್ನು ಯುವಕನ ಆವೇಶ ಅಂತ ಬಿಡಬಹುದಿತ್ತು. ಆದರೆ ಆಮೇಲೆ ಆದದ್ದೇ ಬೇರೆ. 1859ರಲ್ಲಿ ಅದೇ ಅಣೆಕಟ್ಟಿನ ವಿರುದ್ಧ ಮೇಲ್ಗಡೆಯ ರೈತರು ಎದ್ದು ನಿಂತರು. ನೀರು ನಿಂತು ಹುಲ್ಲುಗಾವಲು ಮುಳುಗುತ್ತಿತ್ತು, ದನಕ್ಕೆ ಒಣಹುಲ್ಲು ಸಿಗುತ್ತಿರಲಿಲ್ಲ. ಥೋರೊ ಅಷ್ಟರಲ್ಲಿ ಊರಿನ ನಂಬಿಕೆಯ ಸರ್ವೇಯರ್. ನದಿಯ ಸೇತುವೆಗಳನ್ನೆಲ್ಲ ಅಳೆದು ಕೊಡು ಅಂತ ರೈತರ ಸಂಘ ಅವನನ್ನು ಗೊತ್ತುಮಾಡಿತು. ಅವನು ಸೇತುವೆಗೆ ನಿಲ್ಲಲಿಲ್ಲ. ಆ ಬೇಸಿಗೆಯೆಲ್ಲ ದಂಡೆ ಹಿಡಿದು, ದೋಣಿ ಹಿಡಿದು, ಕೋಲು ಇಳಿಸಿ ಆಳ ನೋಡಿದ. ಎಲ್ಲಿ ಮರಳು, ಎಲ್ಲಿ ಕೆಸರು, ಎಲ್ಲಿ ಯಾವ ಜಲಸಸ್ಯ, ಎಲ್ಲಿ ನೀರು ವೇಗ, ಎಲ್ಲಿ ನಿಂತೇಬಿಡುತ್ತದೆ. ಈಸ್ಟ್ ಸಡ್ಬರಿಯಿಂದ ಬಿಲ್ರಿಕಾ ಗಿರಣಿಯವರೆಗೆ 22 ಮೈಲಿಗೂ ಸ್ವಲ್ಪ ಹೆಚ್ಚು. ಹಳೆಯ ನಕ್ಷೆಯೊಂದನ್ನು ನಕಲು ಮಾಡಿಕೊಂಡು ಅದರ ಮೇಲೆ ತನ್ನ ಅಳತೆಗಳನ್ನೆಲ್ಲ ಸಣ್ಣ ಅಕ್ಷರದಲ್ಲಿ ತುಂಬಿಸಿದ. ಆ ಉದ್ದನೆಯ ನಕ್ಷೆ ಇವತ್ತಿಗೂ ಕಾಂಕರ್ಡ್ ಊರಿನ ಲೈಬ್ರರಿಯಲ್ಲಿದೆ.

ಜನ ಇದನ್ನು ಅವನ ಜೀವನದ ಇಳಿಜಾರು ಅನ್ನುವುದುಂಟು. ಕವಿಯಾಗಿದ್ದವನು ಕೊನೆಗೆ ಅಂಕಿಸಂಖ್ಯೆ ಬರೆಯುತ್ತಾ ಕೂತ ಅಂತ. ನನಗೆ ಹಾಗೆ ಕಾಣುವುದೇ ಇಲ್ಲ. ಅಣ್ಣನ ಜೊತೆ ಹೋದ ನೀರಿನ ದಾರಿಯನ್ನು, ಆ ಮೊದಲ ಶನಿವಾರದ ದಾರಿಯನ್ನೇ, ಅವನು ಮತ್ತೊಮ್ಮೆ ಅಡಿ ಅಡಿಯಾಗಿ ಮುಟ್ಟಿ ನೋಡುತ್ತಿದ್ದಾನೆ. ಪುಸ್ತಕದಲ್ಲಿ ಆ ನದಿ ನೆನಪಿನದ್ದಾಗಿತ್ತು. ನಕ್ಷೆಯಲ್ಲಿ ಅದಕ್ಕೆ ಕೆಸರು ಇದೆ, ಆಳ ಇದೆ, ಅದರಿಂದ ಹುಲ್ಲು ಕಳೆದುಕೊಂಡ ರೈತರಿದ್ದಾರೆ. ಸತ್ತವರನ್ನು ಪ್ರೀತಿಸುವುದರಿಂದ ಬದುಕಿರುವ ನದಿಯನ್ನು ನೋಡಿಕೊಳ್ಳುವ ಕಡೆಗೆ ಅವನು ಬಂದ. ಹಾಗೆ ಬರಲು 20 ವರ್ಷ ಹಿಡಿಯಿತು. ನಾವು ನಮ್ಮ ನದಿಗಳಿಗೆ ಬಾಗಿನ ಬಿಡುತ್ತೇವೆ, ಆರತಿ ಮಾಡುತ್ತೇವೆ, ತಾಯಿ ಅನ್ನುತ್ತೇವೆ. ಅದೆಲ್ಲ ಮನಸ್ಸಿನಿಂದ ಬಂದದ್ದೇ. ಆದರೆ ಕೋಲು ಹಿಡಿದು ಆಳ ನೋಡಿದವರು ಊರಿಗೆ ಎಷ್ಟು ಜನ ಸಿಕ್ಕಾರು? ನನ್ನ ತುಂಗೆಯ ಬಗ್ಗೆ ಆ ಲೆಕ್ಕ ನನ್ನ ಹತ್ತಿರ ಇಲ್ಲದ್ದು ಈಗ ನನ್ನನ್ನು ಚುಚ್ಚುತ್ತದೆ.

ರೈತರು ಒಮ್ಮೆ ಗೆದ್ದರು. 1860ರಲ್ಲಿ ಅಣೆಕಟ್ಟಿನ ಎತ್ತರ ಇಳಿಸಬೇಕೆಂದು ಮ್ಯಾಸಚೂಸೆಟ್ಸ್ ಶಾಸನಸಭೆ ಕಾನೂನು ಮಾಡಿತು. ಮರುವರ್ಷ ಅದನ್ನು ತಡೆಹಿಡಿದರು. 1862ರಲ್ಲಿ ರದ್ದು ಮಾಡಿದರು. ಅದೇ ವರ್ಷ ಮೇ 6ರಂದು ಥೋರೊ ಕ್ಷಯದಿಂದ ತೀರಿಕೊಂಡ. 44 ವರ್ಷ.

ಬಿಲ್ರಿಕಾದಲ್ಲಿ ಆ ಜಾಗದ ಅಣೆಕಟ್ಟನ್ನು ಈಗ ಟಾಲ್ಬಟ್ ಮಿಲ್ಸ್ ಅಣೆಕಟ್ಟು ಅನ್ನುತ್ತಾರೆ. ಅದನ್ನು ತೆಗೆದು ಮೀನಿಗೆ ದಾರಿ ಬಿಡಬೇಕೆಂಬ ಪ್ರಯತ್ನ ಹಲವು ವರ್ಷಗಳಿಂದ ನಡೆದಿದೆ. ಮೆರಿಮ್ಯಾಕ್‌ನ ಲಾರೆನ್ಸ್‌ನಲ್ಲಿ ಮೀನನ್ನು ಎತ್ತಿ ಅಣೆಕಟ್ಟು ದಾಟಿಸುವ ಲಿಫ್ಟ್ ಇದೆ. ವಸಂತದಲ್ಲಿ ಅದರೊಳಗೆ ಸಾಲಾಗಿ ನಿಂತ ಮೀನು ನೋಡಿದರೆ, ಗೋಡೆಯ ಹತ್ತಿರ ಕಾಯುತ್ತವೆ ಅಂತ ಅವನು ಬರೆದದ್ದು ಅಕ್ಷರಶಃ ನಿಜ ಅಂತ ತಿಳಿಯುತ್ತದೆ. ಈ ಕಡೆ ಇರುವ ಕನ್ನಡದವರು ಯಾರಾದರೂ ಓದುತ್ತಿದ್ದರೆ ಒಂದು ಮಾತು. ಬಾಸ್ಟನ್‌ನಿಂದ ಲೋವೆಲ್ ರೈಲು ಹತ್ತಿ ನಾರ್ತ್ ಬಿಲ್ರಿಕಾದಲ್ಲಿ ಇಳಿಯಿರಿ. ಸ್ಟೇಷನ್‌ನಿಂದ ನಡೆದರೆ ಹಳೆಯ ಗಿರಣಿ, ಅಣೆಕಟ್ಟು, ಅಣ್ಣ ತಮ್ಮ ಹಿಡಿದು ಹೋದ ಕಾಲುವೆಯ ಕುರುಹು, ಎಲ್ಲ ಹತ್ತಿರ ಹತ್ತಿರವೇ ಇವೆ. ಕಾಲುವೆಯ ಬಗ್ಗೆ ಒಂದು ಸಣ್ಣ ಮ್ಯೂಸಿಯಂ ಕೂಡ ಇದೆ. ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ಹೋದರೆ ಒಳ್ಳೆಯದು, ಏಲ್‌ವೈಫ್ ಸಮುದ್ರದಿಂದ ಬರುವ ಕಾಲ ಅದು. ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಣೆಕಟ್ಟಿನ ಬಗ್ಗೆ ಊರಿನಲ್ಲಿ ಸಭೆ ಕರೆದಾಗ ನಮ್ಮ ಜನವೂ ಹೋಗಿ ಕೂರಬೇಕು, ಮಾತಾಡಬೇಕು ಅಂತ ನನ್ನ ಆಸೆ. ನಾವೂ ಈಗ ಈ ನದಿಯ ದಂಡೆಯವರೇ.